ಮೂರನೇ ಗುಂಡಿಗೆ ಗಂಗೆಪೂಜೆ

ಮುನಿನಾರಾಯಣಪ್ಪ ಮೋರಿಗೆ ಅಡ್ಡಲಾಗಿ ಕಟ್ಟೆ ಹಾಕಿದನೆಂದು ಕೇಳಿದಾಗ ಅಕ್ಕಯಮ್ಮ ಮೊದಲು ಮಾಡಿದ ಕೆಲಸ ಬೈಯುವುದು. ಆಮೇಲೆ ಬೈಯುತ್ತಲೇ ಹೋಗಿ ಆ ಕಟ್ಟೆಯನ್ನು ನೋಡಿದಳು. ನೋಡಿದ ಮೇಲೆ ಬೈಗುಳ ಅರ್ಧಕ್ಕೆ ನಿಂತುಹೋಯಿತು. ಅಷ್ಟು ಚೆನ್ನಾಗಿ ಕಟ್ಟಿದ್ದ. ಅಡಿಗೆ ಸೈಜುಗಲ್ಲು, ಸಂದಿಗೆಲ್ಲ ಮೆತ್ತಿದ ಜೇಡಿಮಣ್ಣು, ಮೇಲೆ ಬೇರುಸಹಿತ ಕಿತ್ತು ಕೂರಿಸಿದ ಗರಿಕೆಹುಲ್ಲು. ಒಂದು ಹನಿ ಜಿನುಗುವ ಹಾಗಿರಲಿಲ್ಲ.

“ನನ್ನ ಮೇಲಿನ ಕೋಪಕ್ಕೆ ಇಷ್ಟು ನೀಟಾಗಿ ಕಟ್ಟಬೇಕಾಗಿತ್ತೇನಣ್ಣ?” ಎಂದಳು.

ಮುನಿನಾರಾಯಣಪ್ಪ ಕಟ್ಟೆಯ ಆಚೆ ಬದಿಯಲ್ಲಿ ಗುದ್ದಲಿಯ ಕಾವಿನ ಮೇಲೆ ಗಲ್ಲ ಊರಿಕೊಂಡು ನಿಂತಿದ್ದ. “ಕೋಪಕ್ಕಲ್ಲಮ್ಮ, ನೀರಿಗೆ. ಕೋಪಕ್ಕಾದ್ರೆ ನಾಕು ಮಾತಾಡಿ ಸುಮ್ಮನಾಗ್ತಿದ್ದೆ. ನೀರು ಮಾತು ಕೇಳುತ್ತಾ?”

ಇಬ್ಬರದೂ ಹಳೆಯ ನೆರೆ. ಶಿಡ್ಲಘಟ್ಟದ ಅಂಚಿನಲ್ಲಿ, ದಿಬ್ಬೂರಹಳ್ಳಿಯ ಕಡೆ ಹೋಗುವ ರಸ್ತೆಗೆ ಸ್ವಲ್ಪ ಒಳಗೆ, ಮೇಲಿನ ಏರಿನಲ್ಲಿ ಅಕ್ಕಯಮ್ಮ ರೇಷ್ಮೆನೂಲು ತೆಗೆಸುವ ಚರಕದ ಮನೆ, ಕೆಳಗಿನ ಇಳಿಜಾರಿನಲ್ಲಿ ಮುನಿನಾರಾಯಣಪ್ಪನ ಹಿಪ್ಪುನೇರಳೆ ತೋಟ. ಅವನ ಹೆಂಡತಿ ಚಿಕ್ಕವೆಂಕಟಮ್ಮ ರೇಷ್ಮೆಹುಳು ಸಾಕುತ್ತಿದ್ದಳು. ಆ ಹುಳು ಕಟ್ಟಿದ ಗೂಡನ್ನು ಅಕ್ಕಯಮ್ಮನೇ ಕೊಂಡು, ಕುದಿನೀರಿನ ಬಾಣಲೆಗೆ ಹಾಕಿ ನೂಲು ಬಿಚ್ಚುತ್ತಿದ್ದಳು. ಗಂಡ ಬಯ್ಯಪ್ಪ ಬದುಕಿದ್ದಾಗ ಎರಡಿದ್ದ ಬಾಣಲೆ ಅವನು ಹೋದಮೇಲೆ ಅವಳ ಕೈಯಲ್ಲಿ ನಾಲ್ಕಾಗಿತ್ತು. ಏಳೆಂಟು ಹೆಂಗಸರ ಮನೆಯ ಒಲೆ ಆ ನಾಲ್ಕು ಬಾಣಲೆಯಿಂದ ಉರಿಯುತ್ತಿತ್ತು.

ಬಾಣಲೆ ಹೆಚ್ಚಿದ ಹಾಗೆ ನೀರೂ ಹೆಚ್ಚಿತು. ಬೆಳಗಿನಿಂದ ಗೂಡು ಕುದ್ದ ನೀರೆಂದರೆ ಕಂಡವರೇ ಬಲ್ಲರು. ಗೂಡಿನ ಅಂಟೆಲ್ಲ ಅದರಲ್ಲಿ ಕರಗಿರುತ್ತದೆ, ಬೆಂದು ಸತ್ತ ಹುಳುವಿನ ರಸ ಸೇರಿರುತ್ತದೆ. ಸಂಜೆ ಚೆಲ್ಲಿದಾಗ ಕಂದು ಬಣ್ಣದ ಗಂಜಿಯ ಹಾಗೆ ಕಾಣುವ ಅದು, ಎರಡು ದಿನ ನಿಂತರೆ ದಾರಿಹೋಕರು ಮೂಗಿಗೆ ಪಂಚೆಯ ಚುಂಗು ಒತ್ತಿಕೊಂಡು ಓಡುವಂತಾಗುತ್ತದೆ. ಅದೆಲ್ಲ ಮೋರಿಗುಂಟ ಇಳಿದು ಮುನಿನಾರಾಯಣಪ್ಪನ ಬಾವಿಯ ಪಕ್ಕದಲ್ಲೇ ಇಂಗುತ್ತಿತ್ತು. ಮೊದಲು ಬಾವಿ ನೀರಿನ ರುಚಿ ಕೆಟ್ಟಿತು. ಆಮೇಲೆ ಅವನ ಹಸು ಮಲ್ಲಿ ತೊಟ್ಟಿಗೆ ಮೂತಿ ಇಟ್ಟು, ಬುಸ್ ಎಂದು ಹಿಂದೆ ಸರಿಯತೊಡಗಿತು. ಕಡೆಗೆ ಆ ನೀರಿನಲ್ಲೇ ತಟ್ಟೆ ತೊಳೆದು ಸಾಕಿದ ಹುಳು ನಾಲ್ಕನೇ ಸಲ ಪೊರೆ ಕಳಚಿ ಜ್ವರ ಎದ್ದ ಮೇಲೆ ಮೆತ್ತಗಾಗಿ, ಸಾಲುಸಾಲಾಗಿ ಸತ್ತವು. ಚಿಕ್ಕವೆಂಕಟಮ್ಮ ಮೂರು ದಿನ ಸತ್ತ ಹುಳುವನ್ನು ಬುಟ್ಟಿಯಲ್ಲಿ ಹೊತ್ತು ತಿಪ್ಪೆಗೆ ಸುರಿದಳು. ನಾಲ್ಕನೇ ದಿನ ಅವಳ ಗಂಡ ಗುದ್ದಲಿ ತೆಗೆದುಕೊಂಡಿದ್ದ.

“ನೀರು ಚೊಕ್ಕ ಮಾಡಿ ಬಿಡು, ಕಟ್ಟೆ ಒಡೀತೀನಿ. ಅಲ್ಲೀವರ್ಗೂ ನಿನ್ನ ನೀರು ನಿನ್ನ ಮನೇಲೇ ಇರ್ಲಿ” ಎಂದ.

“ನೂಲಿನ ನೀರು ಚೊಕ್ಕ ಮಾಡೋದಾ? ಎಲ್ಲಾದ್ರೂ ಕೇಳಿದ್ದೀಯಾಪ್ಪ?”

“ಕೇಳಿಲ್ಲ. ಬಾವಿ ನೀರು ಹಸು ಕುಡಿಯಲ್ಲ ಅನ್ನೋದ್ನೂ ಕೇಳಿರ್ಲಿಲ್ಲ ನಾನು.”

ಅಕ್ಕಯಮ್ಮ ಕಟ್ಟೆಯ ಮೇಲಿನ ಗರಿಕೆಯನ್ನು ಕಾಲಿನಿಂದ ಒತ್ತಿ ನೋಡಿದಳು. ಅವತ್ತು ಹಾಗೇ ವಾಪಸು ಬಂದಳು.

ಕೆಲವು ದಿನ ಹೆಂಗಸರು ನೀರನ್ನು ಕೊಡಗಳಲ್ಲಿ ಹೊತ್ತು ಆಚೆಯ ಹುಣಸೆತೋಪಿನಲ್ಲಿ ಚೆಲ್ಲಿದರು. ತೋಪಿನವರು ಬೇಲಿಗೆ ಜಾಲಿಮುಳ್ಳು ತಂದು ಒಟ್ಟಿದರು. ಅಷ್ಟರಲ್ಲಿ ಯಾರೋ ಅರ್ಜಿ ಹಾಕಿ, ಪುರಸಭೆಯಿಂದ ಆರೋಗ್ಯದ ಇನ್ಸ್‌ಪೆಕ್ಟರು ಸೈಕಲ್ಲಿನಲ್ಲಿ ಬಂದಿಳಿದ.

ಹೆಸರು ಚನ್ನಕೇಶವ, ಚಿಂತಾಮಣಿಯ ಕಡೆಯವನು, ಇನ್ನೂ ಮದುವೆಯಾಗದ ಹುಡುಗ. ತಲೆಗೆ ದೊಡ್ಡ ಟೋಪಿ, ಮೂಗಿಗೆ ಕರ್ಚೀಫು. ಬಾಗಿಲು ಮುಚ್ಚಿಸುವ ನೋಟೀಸು ಕೊಡಲು ಬಂದವನನ್ನು ಅಕ್ಕಯಮ್ಮ ಮಣೆ ಹಾಕಿ ಕೂರಿಸಿದಳು. ಬಾಣಲೆಯ ಮುಂದಿದ್ದ ಹಲೀಮಾಬಿ ಚಹಾ ಕಾಯಿಸಿ ತಂದಳು. ಪಾಪ, ಕರ್ಚೀಫು ತೆಗೆಯದೆ ಚಹಾ ಕುಡಿಯುವುದು ಹೇಗೆ?

“ತೆಗೀರಿ ಸಾಬ್, ನಾವೆಲ್ಲಾ ಇದ್ರಾಗೇ ಕೂತು ಊಟ ಮಾಡೋದಲ್ಲಾ” ಎಂದಳು ಹಲೀಮಾಬಿ.

ಅವನು ತೆಗೆದ. ಕಣ್ಣಲ್ಲಿ ನೀರು ಬಂತು. ಕುಡಿದ.

“ಮುಚ್ಚಿಸೋಕೇನು, ಒಂದು ಗಳಿಗೆ. ಮುಚ್ಚಿಸ್ಕೊಳ್ಳಿ ಸ್ವಾಮಿ” ಎಂದಳು ಅಕ್ಕಯಮ್ಮ. “ಆದ್ರೆ ಒಂದ್ಮಾತು. ಇಷ್ಟೊಂದು ಓದಿದ್ದೀರಲ್ಲ, ಈ ನೀರಿಗೇನಾದ್ರೂ ಔಷಧಿ ಐತಾ ಅಂತ ಓದಿಲ್ವಾ?”

ಚನ್ನಕೇಶವ ಅವಳ ಮುಖವನ್ನೇ ನೋಡಿದ. ಕೆಲಸಕ್ಕೆ ಸೇರಿದಾಗಿನಿಂದ ಹುಚ್ಚುನಾಯಿ ಹಿಡಿಸಿ, ಸೊಳ್ಳೆಗೆ ಡಿ.ಡಿ.ಟಿ. ಹೊಡೆಸಿ ಎಂದು ಕೇಳಿದವರುಂಟೇ ಹೊರತು, ಅವನ ಓದನ್ನು ಕೇಳಿದವರು ಆ ಊರಿನಲ್ಲಿ ಇವಳೇ ಮೊದಲು. ಮಣೆ ಬಿಟ್ಟು ಇಳಿದ, ಒಂದು ಕಡ್ಡಿ ಹುಡುಕಿಕೊಂಡ, ನೆಲದ ಮೇಲೆ ಗೀಚತೊಡಗಿದ. ನೋಟೀಸು ಜೇಬಿನಲ್ಲೇ ಉಳಿಯಿತು.

ಅವನು ಗೀಚಿದ್ದು ಮೂರು ಗುಂಡಿ. ಮೊದಲನೆಯದರ ಬಾಯಿಗೆ ಬಿದಿರಿನ ತಟ್ಟಿ. ಸತ್ತ ಹುಳುವೆಲ್ಲ ಅಲ್ಲೇ ಸಿಕ್ಕಿಕೊಳ್ಳಬೇಕು, ನೀರು ನಿಂತು ಗಸಿ ತಳ ಸೇರಬೇಕು. ಎರಡನೆಯದಕ್ಕೆ ಸುಣ್ಣದ ತಿಳಿ ಮತ್ತು ಪಟಿಕ. ಕರಗಿದ ಅಂಟು ಹಾಲು ಒಡೆದ ಹಾಗೆ ಗರಣೆಗಟ್ಟಿ ಕೆಳಗಿಳಿಯಬೇಕು. ಅಲ್ಲಿಂದ ನೀರು ಜಲ್ಲಿ, ಇದ್ದಿಲು, ಮರಳು ತುಂಬಿದ ಅಗಲ ಕಾಲುವೆಯೊಳಗೆ ಜಿನುಗಿ, ಕಲ್ಲಿನ ಮೆಟ್ಟಿಲುಗಳ ಮೇಲೆ ಬಿದ್ದು, ಗಾಳಿ ಕುಡಿದು, ಮೂರನೆಯ ಗುಂಡಿಗೆ ಸೇರಬೇಕು.

“ನೀರಿಗೂ ಗಾಳಿ ಬೇಕಾ?” ಎಂದಳು ಬಾಣಲೆಯ ಆಂಜಿನಮ್ಮ.

“ಬೇಕಮ್ಮ. ಉಸಿರು ಕಟ್ಟಿದ ನೀರೇ ನಾರೋದು.”

“ನಮ್ಮತ್ತೆ ಥರ” ಎಂದಳು ಆಂಜಿನಮ್ಮ. ಎಲ್ಲರೂ ನಕ್ಕರು. ಮರುದಿನದಿಂದ ಅಗೆತ ಶುರುವಾಯಿತು.

ಅದೇನು ಒಂದೇ ಸಲಕ್ಕೆ ಆದ ಕೆಲಸವಲ್ಲ. ಮೊದಲ ಸಲ ಮೂರನೇ ಗುಂಡಿಗೆ ಬಂದ ನೀರು ಕಾಡಿಗೆಯಷ್ಟು ಕಪ್ಪು. ಇದ್ದಿಲನ್ನು ತೊಳೆಯದೆ ಒಲೆಯಿಂದೆತ್ತಿ ಹಾಗೇ ತುಂಬಿದ್ದರು. ತೆಗೆದು, ತೊಳೆದು, ಮತ್ತೆ ತುಂಬಿದರು. ಎರಡನೆಯ ಸಲ ಬಣ್ಣ ಹೋಯಿತು, ವಾಸನೆ ಹೋಗಲಿಲ್ಲ. ಚನ್ನಕೇಶವ ಗಾಜಿನ ಲೋಟದಲ್ಲಿ ಪಟಿಕ ಹೆಚ್ಚು ಕಡಿಮೆ ಮಾಡಿ, ಬೆಳಕಿಗೆ ಹಿಡಿದು ನೋಡುತ್ತ, ತನ್ನಷ್ಟಕ್ಕೆ ಗೊಣಗುತ್ತ ಕೂರುತ್ತಿದ್ದ. ಈಗ ಅವನಿಗೆ ಕರ್ಚೀಫಿನ ನೆನಪೂ ಇರಲಿಲ್ಲ. ಹೋಗುವಾಗ ಪ್ರತಿಸಲವೂ ಹೇಳುವ ಮಾತು ಒಂದೇ: “ಮೂರನೇ ಗುಂಡೀಲಿ ಒಂದು ಎಲೇನೂ ಬೀಳಬಾರ್ದು. ನೆನಪಿರ್ಲಿ.”

ಅದೇ ಹೊತ್ತಿಗೆ ಮುನಿನಾರಾಯಣಪ್ಪನ ಹೊಸ ಬೆಳೆ ಬಂತು. ಚಿಕ್ಕವೆಂಕಟಮ್ಮ ದೂರದ ಬಾವಿಯಿಂದ ನೀರು ಹೊತ್ತು ಸಾಕಿದ ಹುಳು, ಬಿದಿರಿನ ಚಂದ್ರಿಕೆ ತಟ್ಟಿಯ ತುಂಬ ಹಳದಿ ಹೂವಿನ ಹಾಗೆ ಗೂಡು ಕಟ್ಟಿದ್ದವು. ಅವನು ಬುಟ್ಟಿಗಳನ್ನು ನೇರವಾಗಿ ಅಕ್ಕಯಮ್ಮನ ಅಂಗಳಕ್ಕೇ ಇಳಿಸಿದ.

“ಕಟ್ಟೆ ಹಾಕಿದೋನು ಗೂಡ್ಯಾಕೆ ತಂದೆ?”

“ನೀರಿನ ಜಗಳ ನೀರಿಗೆ. ಗೂಡಿಗೂ ಅದಕ್ಕೂ ಏನ್ ಸಂಬಂಧ? ಚಂದಾಗಿ ಬಿಚ್ಚು. ನಮ್ಮೋಳು ತುಂಬ ಕಷ್ಟಪಟ್ಟವಳೆ.”

ಗೂಡು ಕೊಂಡದ್ದಾಯಿತು, ಆದರೆ ಗೂಡು ಕಾಯುವುದಿಲ್ಲ. ಒಳಗಿನ ಹುಳು ಚಿಟ್ಟೆಯಾಗುವ ಮೊದಲು ಬಿಚ್ಚಬೇಕು. ಚಿಟ್ಟೆ ತೂತು ಕೊರೆದು ಹೊರಬಂದರೆ ಎಳೆಯೆಲ್ಲ ತುಂಡುತುಂಡು, ನೂಲೆಂಬುದೇ ಇಲ್ಲ. ಬಿಚ್ಚಬೇಕಾದರೆ ಬಾಣಲೆ ಕುದಿಯಬೇಕು, ಬಾಣಲೆ ಕುದ್ದರೆ ನೀರು ಹೋಗಬೇಕು. ಮೂರು ಗುಂಡಿಯೂ ತುಂಬಿ, ನೀರು ಕಟ್ಟೆಗೆ ಒತ್ತಿಕೊಂಡು ನಿಂತಿತ್ತು. ಆ ಕಟ್ಟೆ ಒಡೆದರೆ ಉಂಟು, ಇಲ್ಲದಿದ್ದರೆ ಬುಟ್ಟಿಗಟ್ಟಲೆ ಗೂಡೂ ಇಲ್ಲ, ಚರಕದ ಮನೆಯೂ ಇಲ್ಲ. ಅಕ್ಕಯಮ್ಮ ಕೂತಲ್ಲಿ ಕೂರಲಾರದೆ ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುತ್ತಿದ್ದಳು.

ಚನ್ನಕೇಶವ ಒಂದು ಶೀಸೆಯಲ್ಲಿ ನೀರು ತುಂಬಿ ಮುನಿನಾರಾಯಣಪ್ಪನಿಗೆ ತೋರಿಸಲು ಹೋದ. “ಲ್ಯಾಬಿಗೆ ಕಳಿಸ್ತೀನಿ, ರಿಪೋರ್ಟ್ ಬರುತ್ತೆ” ಎಂದ.

“ನಿಮ್ಮ ಶೀಸೆ ನನ್ನ ಬಾವಿ ನೀರು ಕುಡಿಯಲ್ಲ ಸ್ವಾಮಿ, ನನ್ನ ಮಲ್ಲಿ ಕುಡೀತಾಳೆ. ಶುಕ್ರವಾರ ಮಧ್ಯಾಹ್ನ ಹಿಡ್ಕೊಂಡು ಬರ್ತೀನಿ. ಅವಳು ಮೂತಿ ಇಟ್ರೆ ಅಲ್ಲೇ ಕಟ್ಟೆ ಒಡೀತೀನಿ. ತಿರುಗಿಸಿದ್ರೆ ನೀವೂ ಮಾತಾಡ್ಬೇಡಿ, ಅಕ್ಕಯಮ್ಮನೂ ಮಾತಾಡೋದು ಬೇಡ.”

ಶುಕ್ರವಾರ ಬೆಳಿಗ್ಗೆ ಅಕ್ಕಯಮ್ಮ ಎದ್ದು ನೋಡುತ್ತಾಳೆ, ಮೂರನೇ ಗುಂಡಿಯಲ್ಲಿ ತಳದ ಮರಳು ಕಾಣುತ್ತಿದೆ. ಬಗ್ಗಿದರೆ ಅವಳ ಮುಖ. ಮುಖದ ಹಿಂದೆ ಆಕಾಶ. ಮೂಗಿನ ಹತ್ತಿರ ನೀರು ಹಿಡಿದಳು: ವಾಸನೆ ಇದೆಯೆಂದರೆ ಇದೆ, ಇಲ್ಲವೆಂದರೆ ಇಲ್ಲ.

“ಬನ್ರೇ! ಗಂಗಮ್ಮ ಬಂದವಳೆ ನೋಡ್ರೇ!” ಎಂದು ಕೂಗಿಕೊಂಡಳು.

ಇನ್ನು ಏನಾಯಿತೆಂದು ಆ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹೊಸ ಬಾವಿಯಲ್ಲಿ ನೀರು ಕಂಡ ದಿನ ಗಂಗೆಪೂಜೆ ಮಾಡದೆ ಯಾರಾದರೂ ಇರುತ್ತಾರೆಯೇ? ಆಂಜಿನಮ್ಮ ಅರಿಸಿನ ಕುಂಕುಮ ತಂದಳು, ಒಬ್ಬಳು ಕಣಗಿಲೆ ಹೂ ತಂದಳು, ಮತ್ತೊಬ್ಬಳು ಮನೆಯ ಹಸುವಿನ ನೊರೆಹಾಲನ್ನೇ ತಂದಳು. ಹಲೀಮಾಬಿ, “ನಮ್ದೂ ಇರ್ಲಿ ಇದ್ರಾಗೆ” ಎಂದು ಬೆಲ್ಲದ ಅಚ್ಚು ಕೊಟ್ಟಳು. ಆ ಬೆಲ್ಲವನ್ನು ಅಕ್ಕಿಹಿಟ್ಟಿಗೆ ಕಲಸಿ ಅಕ್ಕಯಮ್ಮನೇ ತಂಬಿಟ್ಟು ಮಾಡಿದಳು. ಹಾಲು ಎರೆದಳು. ತಂಬಿಟ್ಟಿನ ಉಂಡೆಗಳನ್ನು ನೀರಿನಲ್ಲಿ ಅರ್ಧ ಮುಳುಗಿದ ಮೆಟ್ಟಿಲಿನ ಮೇಲೆ ಸಾಲಾಗಿ ಇಟ್ಟಳು. ಕೈಮುಗಿದು, “ತಾಯಿ, ಈ ಮನೆ ಬಾಗ್ಲು ಮುಚ್ಚಿಸ್ಬೇಡ” ಎಂದಳು.

“ಏನೂ ಬೀಳಬಾರ್ದು ಅಂದಿದ್ರಲ್ಲ ಇನ್ಸ್‌ಪೆಟ್ರು” ಎಂದಳು ಆಂಜಿನಮ್ಮ, ಎಲ್ಲ ಮುಗಿದ ಮೇಲೆ.

“ಅವರು ಹೇಳಿದ್ದು ಕಸ ಕಡ್ಡಿ ಕಣೇ. ಪೂಜೆ ಕಸ ಹೆಂಗಾಗುತ್ತೆ?”

ಅದು ಸರಿಯಾದ ಮಾತೆಂದು ಎಲ್ಲರಿಗೂ ಅನ್ನಿಸಿತು.

ಮಧ್ಯಾಹ್ನ ಮುನಿನಾರಾಯಣಪ್ಪ ಮಲ್ಲಿಯನ್ನು ಹಿಡಿದುಕೊಂಡು ಬಂದ. ಹೆಗಲ ಮೇಲೆ ಪಿಕಾಸಿ. ಚನ್ನಕೇಶವ ಆಗಲೇ ಬಂದು ಮೊದಲನೆಯ ಗುಂಡಿಯ ಹತ್ತಿರ ಬಿದಿರಿನ ತಟ್ಟಿ ಸರಿಮಾಡುತ್ತಿದ್ದ. ಅವನ ಬೆನ್ನು ಇತ್ತ ಕಡೆಗಿತ್ತು. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ಸಾಲಾಗಿ ನಿಂತರು. ಮಲ್ಲಿ ಗುಂಡಿಯ ಅಂಚಿಗೆ ಬಂತು; ಮುನಿನಾರಾಯಣಪ್ಪನ ಕಣ್ಣು ಅದರ ಮುಖದ ಮೇಲೇ ಇತ್ತು. ಮೂತಿ ಚಾಚಿತು. ಒಮ್ಮೆ ಮೂಸಿತು. ಆಮೇಲೆ ಮುಂಗಾಲು ಮಡಿಸುವಷ್ಟು ಬಗ್ಗಿ, ಸೊರ್ ಸೊರ್ ಎಂದು ನೆಕ್ಕಿ ಹೀರತೊಡಗಿತು.

“ಅಬ್ಬಾ!” ಎಂದ ಮುನಿನಾರಾಯಣಪ್ಪ. ಅವನ ಮುಖ ಸಡಿಲವಾಯಿತು. ಈ ಜಗಳ ಅವನಿಗೂ ಸಾಕಾಗಿತ್ತು. “ಕುಡಿದ್ಳಲ್ಲಮ್ಮ ನಿನ್ನ ನೀರು! ಆಯ್ತು, ಮಾತು ಅಂದ್ರೆ ಮಾತು.” ಹಗ್ಗವನ್ನು ಹಲೀಮಾಬಿಯ ಕೈಗೆ ಕೊಟ್ಟು ದಾಪುಗಾಲು ಹಾಕುತ್ತ ಕಟ್ಟೆಯ ಕಡೆ ನಡೆದ.

ಹೆಂಗಸರು ಹೋ ಎಂದರು. ಅಕ್ಕಯಮ್ಮನೂ ಹೋ ಎನ್ನಲು ಬಾಯಿ ತೆರೆದಳು. ಆಗ ಮಲ್ಲಿ ತಲೆಯೆತ್ತಿತು. ಮೂತಿಯ ತುಂಬ ಬೆಲ್ಲದ ಹಿಟ್ಟು. ಮೆಟ್ಟಿಲಿನ ಮೇಲೆ ತಂಬಿಟ್ಟಿನ ಒಂದು ಉಂಡೆಯೂ ಉಳಿದಿರಲಿಲ್ಲ.

ಅಕ್ಕಯಮ್ಮ ಹಲೀಮಾಬಿಯನ್ನು ನೋಡಿದಳು. ಹಲೀಮಾಬಿ ಬೇರೆ ಕಡೆ ನೋಡಿದಳು. ಆಂಜಿನಮ್ಮ ಮೆಲ್ಲಗೆ, “ಸುಮ್ನಿರಕ್ಕ. ಕಟ್ಟೆ ಒಡೀಲಿ” ಎಂದಳು.

ಕಟ್ಟೆಯ ಕಡೆಯಿಂದ ಪಿಕಾಸಿಯ ಮೊದಲ ಏಟು ಕೇಳಿಸಿತು. ಅಂಗಳದಲ್ಲಿ ಗೂಡಿನ ಬುಟ್ಟಿಗಳು ಕಾಣುತ್ತಿದ್ದವು. ಸುಮ್ಮನಿದ್ದರೆ ಇವತ್ತೇ ಒಲೆ ಹೊತ್ತಿಸಬಹುದು. ಆದರೆ ನಾಳೆ? ನಾಳೆ ಈ ನೀರು ಬಾವಿಗಿಳಿದು, ಮಲ್ಲಿ ಮತ್ತೆ ತೊಟ್ಟಿಯಿಂದ ಮೂತಿ ತಿರುಗಿಸಿದರೆ? ಮನುಷ್ಯರ ಮೇಲೆ ನಂಬಿಕೆ ಹೋಗಿ ಹಸುವನ್ನು ನಂಬಿದ್ದ ಅವನು, ಇನ್ನು ಹಸುವನ್ನೂ ನಂಬದ ಹಾಗಾಗುತ್ತಾನೆ. ಚಿಕ್ಕವೆಂಕಟಮ್ಮ ದೂರದ ಬಾವಿಯಿಂದ ಕೊಡ ಹೊತ್ತು ಬರುವುದನ್ನು ಅಕ್ಕಯಮ್ಮ ದಿನಾ ಮೇಲಿನಿಂದ ನೋಡಿದ್ದಳು. ನೋಡಿಯೂ ಮಾತಾಡಿಸಲು ಮುಖವಿಲ್ಲದೆ ಒಳಗೆ ಹೋಗುತ್ತಿದ್ದಳು.

“ನಿಲ್ಸಣ್ಣಾ!” ಎಂದು ಕಿರುಚಿದಳು. “ಒಡೀಬೇಡ! ನಿನ್ನ ಹಸು ಕುಡಿದದ್ದು ನೀರಲ್ಲ, ತಂಬಿಟ್ಟು!”

ಆಂಜಿನಮ್ಮ ಹಣೆ ಚಚ್ಚಿಕೊಂಡಳು. ಮುನಿನಾರಾಯಣಪ್ಪ ಎತ್ತಿದ ಪಿಕಾಸಿಯನ್ನು ಹಾಗೇ ಇಳಿಸಿದ. ಚನ್ನಕೇಶವ ಓಡಿಬಂದು ಗುಂಡಿಯಲ್ಲಿ ಇಣುಕಿದ. ಕಣಗಿಲೆ ಹೂ ತೇಲುತ್ತಿತ್ತು. ಹಾಲು ಮೂಲೆಯಲ್ಲಿ ಒಡೆದು ಹೆಪ್ಪುಗಟ್ಟಿತ್ತು.

“ಇದೇನಮ್ಮಾ ಇದು? ಒಂದು ಎಲೇನೂ ಬೀಳಬಾರ್ದು ಅಂದಿದ್ನಲ್ಲ!”

“ಎಲೆ ಹಾಕಿಲ್ಲ ಸ್ವಾಮಿ” ಎಂದಳು ಅಕ್ಕಯಮ್ಮ. ಹೇಳಿದ ಮೇಲೆ ತನಗೇ ನಾಚಿಕೆಯಾಯಿತು. “ಇಷ್ಟು ಚೊಕ್ಕ ನೀರು ನೋಡಿ ಕೈ ಸುಮ್ನಿರ್ಲಿಲ್ಲ. ಮೋಸಕ್ಕೆ ಮಾಡಿದ್ದಲ್ಲ, ದೇವರಾಣೆ. ಅಣ್ಣಾ, ಮೋಸಕ್ಕಲ್ಲ.”

ಮುನಿನಾರಾಯಣಪ್ಪ ಕಟ್ಟೆಯ ಮೇಲೆ ಕುಕ್ಕರಿಸಿದ. ಪಿಕಾಸಿಯ ಮೊನೆಗೆ ಹತ್ತಿದ ಜೇಡಿಮಣ್ಣನ್ನು ಕೆರೆದ. ಕಡೆಗೆ, “ಮೋಸ ಮಾಡೋಳಾಗಿದ್ರೆ ಕೂಗ್ತಿದ್ಯಾ?” ಎಂದ. ಎದ್ದು ಹೋಗಿ ಒಂದು ಬುಟ್ಟಿಯಿಂದ ಗೂಡು ತೆಗೆದು, ಅವಳ ಹಾಗೆಯೇ ಕಿವಿಯ ಹತ್ತಿರ ಅಲ್ಲಾಡಿಸಿದ. “ಇವು ಚಂದ್ರಿಕೆ ಹತ್ತಿದ ದಿನ ನನಗ್ಗೊತ್ತು. ಸೋಮವಾರದವರ್ಗೂ ತಡೀತವೆ. ಆಮೇಲೆ ತಡಿಯಲ್ಲ. ಈ ಗುಂಡಿ ಖಾಲಿ ಮಾಡ್ರಿ. ನನ್ನ ಬೀಳುಹೊಲ ಐತಲ್ಲ ಆಚೆ, ಬಾವಿಗೆ ದೂರ, ಅಲ್ಲಿಗೆ ಎತ್ತಿ ಹಾಕ್ರಿ. ಹೊಸ ನೀರು ಬರ್ಲಿ. ಮತ್ತೆ ನೋಡಣ.”

“ಮತ್ತೆ ಪೂಜೆ ಗೀಜೆ...” ಎಂದು ಚನ್ನಕೇಶವ ಬಾಯಿ ತೆರೆದ.

“ನನ್ನ ಮಕ್ಕಳಾಣೆ ಇಲ್ಲ ಸ್ವಾಮಿ” ಎಂದಳು ಅಕ್ಕಯಮ್ಮ.

ಗುಂಡಿ ಬಳಿದರು, ಮೆಟ್ಟಿಲನ್ನು ತೆಂಗಿನ ನಾರಿನಲ್ಲಿ ಉಜ್ಜಿದರು, ಮರಳನ್ನು ಮತ್ತೆ ತೊಳೆದರು. ಎರಡು ಬಾಣಲೆ ಮಾತ್ರ ಹೊತ್ತಿಸಿ, ಬಂದ ನೀರನ್ನು ಮೊದಲನೆಯ ಗುಂಡಿಗೆ ಬಿಟ್ಟರು. ಸೋಮವಾರ ಬೆಳಿಗ್ಗೆ ಮೂರನೆಯದರಲ್ಲಿ ಮತ್ತೆ ತಳ ಕಂಡಿತು. ಸುತ್ತ ನಿಂತವರು ಉಸಿರನ್ನೂ ಅದರ ಮೇಲೆ ಬಿಡಲು ಹೆದರಿದರು.

ಮಲ್ಲಿಯನ್ನು ಈ ಸಲ ಎಳೆದು ತರಬೇಕಾಗಲಿಲ್ಲ. ಹಗ್ಗವನ್ನೇ ಕಿತ್ತುಕೊಳ್ಳುವಂತೆ ಓಡಿಬಂದು, ನೇರ ಆ ಮೆಟ್ಟಿಲನ್ನೇ ಮೂಸಿತು. ನೆಕ್ಕಿತು. ಅತ್ತ ಇತ್ತ ಹುಡುಕಿತು. ನೀರನ್ನು ತಿರುಗಿಯೂ ನೋಡದೆ ಅಕ್ಕಯಮ್ಮನ ಮುಖ ನೋಡಿ ಅಂಬಾ ಎಂದಿತು.

ಆಂಜಿನಮ್ಮ ಮೊದಲು ನಕ್ಕಳು, ಆಮೇಲೆ ಎಲ್ಲರೂ.

“ನಗ್ರೇ, ನಗ್ರಿ!” ಎಂದ ಮುನಿನಾರಾಯಣಪ್ಪ. “ನನ್ನ ಸಾಕ್ಷೀನೇ ಕೆಡಿಸಿಬಿಟ್ರಲ್ಲೇ! ಇನ್ನು ಇವಳು ಕಾವೇರಿ ನೀರು ಕೊಟ್ರೂ ತಂಬಿಟ್ಟೆಲ್ಲಿ ಅಂತಾಳೆ.”

ನಗು ನಿಂತ ಮೇಲೆ, ಇನ್ನು ನೀರನ್ನು ಪರೀಕ್ಷಿಸುವವರು ಯಾರೆಂಬ ಪ್ರಶ್ನೆ ಉಳಿಯಿತು. ಬುಟ್ಟಿಗಳ ಕಡೆ ನೋಡುವ ಧೈರ್ಯ ಅಕ್ಕಯಮ್ಮನಿಗಿರಲಿಲ್ಲ. ಮುನಿನಾರಾಯಣಪ್ಪ ಇಳಿಜಾರಿನ ಕಡೆ ತಿರುಗಿ, ಕೈ ಬಾಯಿಗೆ ಒಡ್ಡಿ ಕೂಗಿದ: “ಲೇ ಇವಳೇ! ಬಾ ಇಲ್ಲಿ ಒಸಿ!”

ಚಿಕ್ಕವೆಂಕಟಮ್ಮ ಬಂದಳು. ಹುಳುಮನೆಯ ಹತ್ತಿರ ಒಗ್ಗರಣೆಯ ವಾಸನೆ ಸುಳಿದರೂ ಹುಳಕ್ಕಾಗದೆಂದು ಎದ್ದು ಹೋಗಿ ಜಗಳವಾಡುವ ಹೆಂಗಸು ಅವಳು; ಹುಳು ಸತ್ತ ಮೇಲೆ ಈ ಏರು ಹತ್ತಿರಲಿಲ್ಲ. ಅಕ್ಕಯಮ್ಮನನ್ನು ನೋಡಲಿಲ್ಲ. ಗುಂಡಿಯ ಮುಂದೆ ಕೂತು, ಬೊಗಸೆಯಲ್ಲಿ ನೀರೆತ್ತಿ ಮೂಸಿದಳು. ಚೆಲ್ಲಿ, ಬರಿಗೈಯನ್ನು ಮೂಸಿದಳು. ಬರುವಾಗಲೇ ಕಿತ್ತು ತಂದಿದ್ದ ಹಿಪ್ಪುನೇರಳೆ ಎಲೆಯನ್ನು ನೀರಿನಲ್ಲಿ ಅದ್ದಿ, ಒದರಿ, ಗಾಳಿಗೆ ಆರಿಸಿ, ಮತ್ತೆ ಮೂಸಿದಳು.

“ಒಂಚೂರು ಐತೆ” ಎಂದಳು.

ಚನ್ನಕೇಶವನ ಮುಖ ಬಾಡಿತು. “ಇದಕ್ಕಿಂತ ತೆಗೆಯೋದು ನನ್ನ ಕೈಲಿ ಆಗಲ್ಲಮ್ಮ, ಸದ್ಯಕ್ಕೆ” ಎಂದ.

“ನಾನೇನು ನಿಮ್ಮನ್ನ ಬೈದ್ನಾ ಸ್ವಾಮಿ? ಮೊದಲಿನ ನೀರೆಲ್ಲಿ, ಇದೆಲ್ಲಿ!” ಎಂದಳು ಅವಳು. ಆಮೇಲೆ ಗಂಡನ ಕಡೆ ತಿರುಗಿ, “ಬಾವಿ ಕಡೆ ಬೇಡ. ಆ ಕಟ್ಟೆ ಹಂಗೇ ಇರ್ಲಿ. ಈ ಪಕ್ಕದಿಂದ ಕಾಲುವೆ ತೆಗೆದು ಆಚೆ ಕೊನೇ ಸಾಲಿನ ಗಿಡಕ್ಕೆ ಬಿಡು. ಗಿಡ ಕುಡೀಲಿ ಮೊದ್ಲು. ಆ ಸೊಪ್ಪನ್ನ ಒಂದೇ ಒಂದು ತಟ್ಟೆ ಹುಳಕ್ಕೆ ಬೇರೆ ಇಟ್ಟು ಹಾಕ್ತೀನಿ. ತಿಂದು ಗೂಡು ಕಟ್ಟಿದ್ರೆ ಮಿಕ್ಕ ಸಾಲಿಗೂ ಬಿಡಣ. ಇಲ್ದಿದ್ರೆ ಆ ಕಾಲುವೇನೂ ಕಟ್ಟು” ಎಂದಳು.

ಆಗ ಅಕ್ಕಯಮ್ಮನ ಕಡೆ ನೋಡಿದಳು. “ನೀನು ಅವತ್ತು ಸುಮ್ನಿದ್ದಿದ್ರೆ ಇದ್ನೂ ಹೇಳ್ತಿರ್ಲಿಲ್ಲ ನಾನು.”

ಅಕ್ಕಯಮ್ಮ ಮಲ್ಲಿಯ ಮೂತಿಯನ್ನು ಪಕ್ಕಕ್ಕೆ ಸರಿಸಿದಳು. ಗುದ್ದಲಿ ಹುಡುಕಿಕೊಂಡು ಹೋದಳು.

ಅಗೆಯಲು ಎಲ್ಲರೂ ಇಳಿದರು. ಚನ್ನಕೇಶವ ಟೋಪಿಯನ್ನು ಸೈಕಲ್ಲಿಗೆ ಸಿಕ್ಕಿಸಿ, ಪ್ಯಾಂಟು ಮಡಿಸಿ, ಇಳಿಜಾರು ಎಷ್ಟು ಬೇಕೆಂದು ಹೇಳುತ್ತಿದ್ದ. ಮುನಿನಾರಾಯಣಪ್ಪ ಕೇಳಿಸಿಕೊಂಡು ತನಗೆ ತೋಚಿದಂತೆ ತೋಡುತ್ತಿದ್ದ. ಕಟ್ಟೆಯ ಪಕ್ಕದಲ್ಲಿ ಬಾಯಿ ತೆರೆದಾಗ ನೀರು ಹೊಸ ಮಣ್ಣನ್ನು ತಡವರಿಸುತ್ತ ಮುಂದೆ ಬಂತು. ಮುನಿನಾರಾಯಣಪ್ಪ ಅದರ ಮುಂದೆ ಮುಂದೆ ನಡೆಯುತ್ತ, ಅಡ್ಡ ಬಂದ ಹೆಂಟೆಯನ್ನು ಕಾಲಿನಿಂದ ಸರಿಸುತ್ತ, “ಬಾ, ಬಾ, ಇತ್ಲಾಗ್ ಬಾ” ಎಂದು ಅದನ್ನು ಮಾತಾಡಿಸುತ್ತಿದ್ದ. ಅಕ್ಕಯಮ್ಮ ಇನ್ನೊಂದು ಬದಿಯಲ್ಲಿ ನಡೆದಳು. ಕೊನೆಯ ಸಾಲಿನ ಮೊದಲ ಗಿಡದ ಬುಡ ಕಪ್ಪಾಯಿತು, ಎರಡನೆಯದು, ಮೂರನೆಯದು. ಸಾಲಿನ ನಡುವಿಗೆ ಬರುವಷ್ಟರಲ್ಲಿ ನೀರು ತೆಳ್ಳಗಾಗಿ, ಇಂಗಿ, ನಿಂತುಹೋಯಿತು.

ಮುನಿನಾರಾಯಣಪ್ಪ ಒಣಗಿದ ಅರ್ಧ ಸಾಲನ್ನು ನೋಡಿದ. ಸೊಂಟದ ಮೇಲೆ ಕೈಯಿಟ್ಟುಕೊಂಡು ಏರಿನ ಕಡೆ ನೋಡಿದ. ಚರಕದ ಮನೆಯ ಹೊಗೆಗೂಡಿನಲ್ಲಿ ಹೊಗೆಯೇ ಇರಲಿಲ್ಲ.

“ಏನಮ್ಮ, ಇಷ್ಟೇನಾ? ಅರ್ಧ ಸಾಲಿಗೂ ಬರ್ಲಿಲ್ವಲ್ಲ! ಹೋಗು, ನಾಕೂ ಬಾಣ್ಲೆ ಹೊತ್ತಿಸು. ನೀರು ಬಿಡ್ರಮ್ಮ!”

“ಬಿಡ್ತೀನಿ ಕಣಣ್ಣ, ಬಿಡ್ತೀನಿ!” ಎನ್ನುತ್ತ ಅಕ್ಕಯಮ್ಮ ಸೆರಗು ಬಿಗಿದುಕೊಂಡು ಏರು ಹತ್ತಿ ಓಡಿದಳು.